40 ಸಾವಿರದ ಡ್ರೋನ್ 80 ಕೋಟಿಯ ಟ್ಯಾಂಕನ್ನು ಉಡಾಯಿಸಿತೇ? ಉಕ್ರೇನ್ ಫಾರ್ವರ್ಡ್ ಹೇಳದೆ ಬಿಟ್ಟ ಲೆಕ್ಕ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇದು ಬಂದಿರಬಹುದು. ಮೇಲಿನಿಂದ ತೆಗೆದ ವಿಡಿಯೋ. ಬೋಳು ಹೊಲದ ನಡುವೆ ಒಂದು ಯುದ್ಧ ಟ್ಯಾಂಕ್. ಪುಟ್ಟ ಡ್ರೋನ್ ಒಂದು ಅದರ ಮೇಲೆ ಎರಗುತ್ತದೆ, ಪರದೆ ಬೆಳ್ಳಗಾಗುತ್ತದೆ, ಮರುಕ್ಷಣ ಟ್ಯಾಂಕಿನ ತಲೆ ಬಾಟಲಿ ಮುಚ್ಚಳದ ಹಾಗೆ ಗಾಳಿಗೆ ಹಾರುತ್ತದೆ. ಜೊತೆಗೊಂದು ಬರಹ: 40 ಸಾವಿರದ ಡ್ರೋನ್‌ಗೆ 80 ಕೋಟಿಯ ಅಮೆರಿಕನ್ ಟ್ಯಾಂಕ್ ಢಮಾರ್, ಟ್ಯಾಂಕ್ ಯುಗ ಮುಗಿಯಿತು, ಉಕ್ರೇನ್‌ಗೆ ಕೊಟ್ಟ ಲಕ್ಷಾಂತರ ಕೋಟಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ನಮ್ಮ ಸೇನೆಯಲ್ಲಿರುವುದೂ ಇದೇ ಡಬ್ಬಾ.

ಇಂಥ ಫಾರ್ವರ್ಡ್‌ಗಳನ್ನು ಪೂರ್ತಿ ಸುಳ್ಳು ಎನ್ನುವಂತಿಲ್ಲ, ತೊಂದರೆ ಇರುವುದೇ ಅಲ್ಲಿ. ಅಗ್ಗದ ಡ್ರೋನ್‌ಗಳು ಟ್ಯಾಂಕ್‌ಗಳನ್ನು ಸುಟ್ಟಿರುವುದು ನಿಜ. ಅಬ್ರಾಮ್ಸ್ ಟ್ಯಾಂಕ್ ದುಬಾರಿ ಎನ್ನುವುದೂ ನಿಜ. ಆದರೆ ವಿಡಿಯೋ ತೋರಿಸುವುದು ಕೊನೆಯ ಐದು ಸೆಕೆಂಡ್ ಮಾತ್ರ. ಅದಕ್ಕೂ ಮೊದಲು ಏನಾಯಿತು, ಒಳಗೆ ಯಾರಿದ್ದರು, ಆ ಟ್ಯಾಂಕ್ ಯಾರದ್ದು ಎಂಬುದು ಅದರಲ್ಲಿ ಇರುವುದಿಲ್ಲ. ಬರಹ ಒಂದು ಟ್ಯಾಂಕಿನ ಬಗ್ಗೆ ಮಾತಾಡಿದರೆ ವಿಡಿಯೋದಲ್ಲಿರುವುದು ಬೇರೆಯೇ ಟ್ಯಾಂಕ್ ಆಗಿರುತ್ತದೆ. ಹಾಗೆ ತಲೆ ಹಾರಿಸಿಕೊಳ್ಳುವುದು ಹೆಚ್ಚಾಗಿ ಸೋವಿಯತ್ ಮೂಲದ ಟ್ಯಾಂಕ್‌ಗಳು, ಅಮೆರಿಕದವಲ್ಲ.

ತಲೆ ಹಾರುವುದೇಕೆ?

ಟ್ಯಾಂಕಿನ ಮೇಲೆ ಸುತ್ತ ತಿರುಗುವ, ಫಿರಂಗಿ ಹೊತ್ತ ಭಾಗಕ್ಕೆ ಟರೆಟ್ ಎನ್ನುತ್ತಾರೆ. ಟಿ-72ರಲ್ಲಿ ಇದರ ತೂಕವೇ ಹತ್ತು ಟನ್‌ಗಿಂತ ಹೆಚ್ಚು. ಅದು ಆಕಾಶಕ್ಕೆ ಹಾರಬೇಕೆಂದರೆ ಕೆಳಗಿನಿಂದ ಎಂಥ ಒತ್ತಡ ಬೇಕು ಯೋಚಿಸಿ. ಚಿಕ್ಕ ಡ್ರೋನ್ ಹೊತ್ತು ತರುವ ಸಿಡಿತಲೆಗೆ ಆ ಶಕ್ತಿ ಇಲ್ಲ. ಅದು ಮಾಡುವುದು ಬೆಂಕಿಕಡ್ಡಿ ಗೀರುವ ಕೆಲಸ. ಸಿಡಿಯುವುದು ಟ್ಯಾಂಕಿನ ಹೊಟ್ಟೆಯೊಳಗಿನ ಅದರದೇ ಮದ್ದುಗುಂಡು.

ಟಿ-72ರಲ್ಲಿ ಗುಂಡು ತುಂಬುವ ಕೆಲಸವನ್ನು ಯಂತ್ರ ಮಾಡುತ್ತದೆ. ಜಾತ್ರೆಯ ತಿರುಗುಕುರ್ಚಿಯಂಥ ಒಂದು ಚಕ್ರದಲ್ಲಿ 22 ಗುಂಡುಗಳು ಮತ್ತು ಅವುಗಳ ಮದ್ದು ಸಿಬ್ಬಂದಿಯ ಕಾಲ ಕೆಳಗೇ ಸುತ್ತಲೂ ಜೋಡಿಸಿರುತ್ತವೆ. ಗುಂಡು ತುಂಬುವವನು ಬೇಡವಾದ್ದರಿಂದ ಒಳಗೆ ಮೂವರೇ ಸಾಕು. ಟ್ಯಾಂಕ್ ಗಿಡ್ಡವಾಗುತ್ತದೆ, ಹಗುರವಾಗುತ್ತದೆ, ಶತ್ರುವಿಗೆ ಗುರಿಯಿಡುವುದು ಕಷ್ಟ, ಸೇತುವೆ ದಾಟುವುದು ಸುಲಭ. ಇದರಲ್ಲಿ ಪೆದ್ದತನವಿಲ್ಲ, ತಿಳಿದೇ ಮಾಡಿದ ಚೌಕಾಸಿ ಇದು. ಆದರೆ ಕವಚ ಒಮ್ಮೆ ತೂತಾಗಿ ಬೆಂಕಿ ಆ ಮದ್ದಿಗೆ ತಗುಲಿತೋ, ಉಳಿಯುವ ಸಾಧ್ಯತೆ ತೀರಾ ಕಡಿಮೆ. ಚಕ್ರದಲ್ಲಿರುವ ಗುಂಡುಗಳಿಗಿಂತ ಅಲ್ಲಿ ಇಲ್ಲಿ ಸಂದಿಯಲ್ಲಿ ಇಟ್ಟುಕೊಂಡ ಹೆಚ್ಚುವರಿ ಗುಂಡುಗಳೇ ಮೊದಲು ಹತ್ತಿಕೊಳ್ಳುತ್ತವೆ ಎಂದು ಹೇಳುವ ತಜ್ಞರೂ ಇದ್ದಾರೆ.

ಅಬ್ರಾಮ್ಸ್‌ನಲ್ಲಿ ನಾಲ್ವರು ಇರುತ್ತಾರೆ. ಹೆಚ್ಚಿನ ಗುಂಡುಗಳು ಟರೆಟ್‌ನ ಹಿಂಭಾಗದಲ್ಲಿ, ಗಟ್ಟಿ ಬಾಗಿಲಿನ ಆಚೆ ಇರುತ್ತವೆ. ಅವು ಹತ್ತಿಕೊಂಡರೆ ಮೇಲಿನ ತೆಳು ಮುಚ್ಚಳ ಕಿತ್ತು ಬೆಂಕಿ ಆಕಾಶಕ್ಕೆ ಹೋಗುತ್ತದೆ, ಸಿಬ್ಬಂದಿ ಕಡೆಗಲ್ಲ. ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ. ಟ್ಯಾಂಕ್ ಹಾಳಾಗುತ್ತದೆ, ಜನ ಉಳಿಯಬಹುದು. ಹಾಗೆಂದು ಪಶ್ಚಿಮದ ಟ್ಯಾಂಕ್‌ಗಳೆಲ್ಲ ಹೀಗೇ ಎಂದುಕೊಳ್ಳಬೇಡಿ. ಜರ್ಮನಿಯ ಲೆಪರ್ಡ್-2ರಲ್ಲಿ ಅರ್ಧಕ್ಕಿಂತ ಹೆಚ್ಚು ಗುಂಡುಗಳು ಮುಂಭಾಗದಲ್ಲಿ, ಚಾಲಕನ ಪಕ್ಕದಲ್ಲೇ ಇರುತ್ತವೆ. 2016ರಲ್ಲಿ ಸಿರಿಯಾದ ಅಲ್-ಬಾಬ್ ಬಳಿ ಟರ್ಕಿ ಸೇನೆಯ ಲೆಪರ್ಡ್‌ಗಳೂ ಒಳಗಿನ ಸ್ಫೋಟದಿಂದ ಛಿದ್ರವಾಗಿದ್ದವು.

ಇನ್ನು ಡಬ್ಬಾ ಎಂಬ ಮಾತು. ಭಾರತೀಯ ಸೇನೆಯಲ್ಲಿ ಟಿ-72 ಅಜೇಯ ಮತ್ತು ಟಿ-90 ಭೀಷ್ಮ ಟ್ಯಾಂಕ್‌ಗಳೇ ಹೆಚ್ಚು. ಇವು ಚೆನ್ನೈ ಹತ್ತಿರದ ಆವಡಿಯ ಕಾರ್ಖಾನೆಯಲ್ಲಿ ತಯಾರಾಗಿವೆ. ಎರಡರಲ್ಲೂ ಅದೇ ತಿರುಗುವ ಚಕ್ರವಿದೆ, ಅದರ ಅಪಾಯವೂ ಇದೆ. ಇದು ಗುಟ್ಟಿನ ವಿಷಯವಲ್ಲ, ಟ್ಯಾಂಕ್ ನಡೆಸುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಟ್ಯಾಂಕ್‌ನಲ್ಲಿ ಕೂರುವ ಹುಡುಗರ ಅಪ್ಪ ಅಮ್ಮಂದಿರ ಫೋನಿಗೂ ಈ ವಿಡಿಯೋ ನಗುವಿನ ಇಮೋಜಿ ಸಮೇತ ಬರುತ್ತದೆ. ಟರೆಟ್ ಹಾರಿದ ಆ ಕ್ಷಣದಲ್ಲಿ ಟ್ಯಾಂಕಿನೊಳಗೆ ಸಿಬ್ಬಂದಿ ಇದ್ದರೆ, ನಾವು ನೋಡುತ್ತಿರುವುದು ಮೂವರ ಸಾವು.

ಡ್ರೋನ್‌ಗಿಂತ ಮೊದಲು ಮೈನ್

2023ರ ಜೂನ್ ಆರಂಭದಲ್ಲಿ ದಕ್ಷಿಣ ಉಕ್ರೇನಿನ ಜಪೊರಿಝಿಯಾ ಪ್ರಾಂತ್ಯದ ಮಾಲಾ ತೋಕ್ಮಾಚ್ಕಾ ಎಂಬ ಹಳ್ಳಿಯ ಹತ್ತಿರ ಉಕ್ರೇನ್ ಸೇನೆ ಹೊಸ ಲೆಪರ್ಡ್ ಟ್ಯಾಂಕ್‌ಗಳನ್ನೂ ಅಮೆರಿಕದ ಬ್ರಾಡ್ಲಿ ವಾಹನಗಳನ್ನೂ ಮುಂದಿಟ್ಟುಕೊಂಡು ದಾಳಿಗೆ ಹೊರಟಿತು. ಒಂದೇ ಹೊಲದಲ್ಲಿ ಅವು ಗುಂಪಾಗಿ ನಿಂತುಹೋದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಅವನ್ನು ತಡೆದದ್ದು ಡ್ರೋನ್ ಅಲ್ಲ, ನೆಲದಲ್ಲಿ ಹೂತಿಟ್ಟ ಮೈನ್‌ಗಳು. ಮೈನ್ ತೆಗೆಯಲು ಬಂದ ವಾಹನಗಳೇ ಸಿಕ್ಕಿಬಿದ್ದವು. ನಿಂತ ವಾಹನದ ಮೇಲೆ ಫಿರಂಗಿ ದಾಳಿ, ದೂರದಿಂದ ಕಾ-52 ಹೆಲಿಕಾಪ್ಟರ್‌ಗಳ ಕ್ಷಿಪಣಿ. ಚಲಿಸುವ ಟ್ಯಾಂಕ್ ಕಷ್ಟದ ಗುರಿ, ನಿಂತ ಟ್ಯಾಂಕ್ ಸುಲಭದ ಗುರಿ, ಮೊದಲು ನಿಲ್ಲಿಸುವ ಕೆಲಸ ಮೈನ್‌ನದ್ದು.

ಡ್ರೋನ್ ದೊಡ್ಡ ಪಾತ್ರಕ್ಕೆ ಬಂದದ್ದು ಆ ವರ್ಷದ ಕೊನೆಯ ಹೊತ್ತಿಗೆ. ಕ್ಯಾಮೆರಾ ಕನ್ನಡಕ ಹಾಕಿಕೊಂಡು ನಡೆಸುವ ಈ ಚಿಕ್ಕ ಡ್ರೋನ್‌ನ ಬೆಲೆ ಸುಮಾರು 500 ಡಾಲರ್. ಫಾರ್ವರ್ಡ್‌ನ 40 ಸಾವಿರ ರೂಪಾಯಿ ಇಲ್ಲಿಂದಲೇ ಬಂದದ್ದು, ಅದು ಸರಿಯೇ. ಲೆಕ್ಕ ತಪ್ಪುವುದು ಒಂದು ಡ್ರೋನ್‌ಗೆ ಒಂದು ಟ್ಯಾಂಕ್ ಎನ್ನುವಾಗ. ಅನೇಕ ಡ್ರೋನ್‌ಗಳು ರೇಡಿಯೋ ಸಂಪರ್ಕ ಕಡಿದು ಬೀಳುತ್ತವೆ, ಜಾಲರಿಗೆ ಸಿಕ್ಕಿಕೊಳ್ಳುತ್ತವೆ, ಗುರಿ ತಪ್ಪುತ್ತವೆ. ಒಂದು ಟ್ಯಾಂಕಿನ ಮೇಲೆ ಒಂದರ ಹಿಂದೊಂದು ಹಲವು ಕಳಿಸಬೇಕಾಗುತ್ತದೆ. ಗುರಿ ಹುಡುಕಿಕೊಡಲು ಮೇಲೆ ಇನ್ನೊಂದು ಡ್ರೋನ್ ಸುತ್ತುತ್ತಿರಬೇಕು. ತಪ್ಪಿದ ಡ್ರೋನ್‌ಗಳ ವಿಡಿಯೋವನ್ನು ಯಾರೂ ಸಂಗೀತ ಹಾಕಿ ಹಂಚುವುದಿಲ್ಲ ನೋಡಿ.

ಇನ್ನೊಂದು ಸೂಕ್ಷ್ಮ. ಮುಂದಿನ ಸಲ ಇಂಥ ವಿಡಿಯೋ ಬಂದಾಗ ಟ್ಯಾಂಕಿನ ಮೇಲಿನ ಮುಚ್ಚಳ ತೆರೆದಿದೆಯಾ ನೋಡಿ. ತೆರೆದಿದ್ದು, ಟ್ಯಾಂಕ್ ಕದಲದೆ ನಿಂತಿದ್ದರೆ ಸಿಬ್ಬಂದಿ ಆಗಲೇ ಇಳಿದು ಓಡಿರುವ ಸಾಧ್ಯತೆ ಹೆಚ್ಚು. ಮೈನ್‌ಗೋ ಮೊದಲ ಹೊಡೆತಕ್ಕೋ ಕೆಟ್ಟು ನಿಂತ ಟ್ಯಾಂಕನ್ನು ರಾತ್ರಿ ಎಳೆದೊಯ್ದು ರಿಪೇರಿ ಮಾಡಿಬಿಡುತ್ತಾರೆ ಎಂಬ ಭಯಕ್ಕೆ, ತೆರೆದ ಮುಚ್ಚಳದೊಳಗೆ ಡ್ರೋನ್ ಇಳಿಸಿ ಅದನ್ನು ಪೂರ್ತಿ ಸುಡುತ್ತಾರೆ. ಅತ್ಯಂತ ರೋಚಕವಾಗಿ ಕಾಣುವ ವಿಡಿಯೋಗಳಲ್ಲಿ ಬಹಳಷ್ಟು ಈ ಜಾತಿಯವು.

ಅಬ್ರಾಮ್ಸ್ ಕಥೆ ಏನಾಯಿತು? ಅಮೆರಿಕ ಕೊಟ್ಟದ್ದು 31. ಅವಡೀವ್ಕಾ ಪಟ್ಟಣದ ಸುತ್ತ 2024ರ ಫೆಬ್ರವರಿಯಲ್ಲಿ ಮೊದಲನೆಯದು ನಾಶವಾಯಿತು. ಏಪ್ರಿಲ್ ಹೊತ್ತಿಗೆ ಐದು ಹೋಗಿದ್ದವು, ಡ್ರೋನ್ ಕಾಟ ತಾಳಲಾರದೆ ಉಳಿದವನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿದ್ದಾರೆ ಎಂದು ಅಮೆರಿಕದ ಅಧಿಕಾರಿಗಳೇ ಹೇಳಿದರು. ಇದು ಫಾರ್ವರ್ಡ್ ಪರವಾದ ಸಾಕ್ಷಿ, ಮುಚ್ಚಿಡುವುದಿಲ್ಲ. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ತನ್ನ 49 ಹಳೆಯ ಅಬ್ರಾಮ್ಸ್ ಕೊಡುವುದಾಗಿ ಘೋಷಿಸಿದಾಗ ಉಕ್ರೇನ್ ಬೇಡ ಎನ್ನಲಿಲ್ಲ.

ಟ್ಯಾಂಕ್ ಕೊಟ್ಟರೆ ಮುಗಿಯಲಿಲ್ಲ

ನೆರವಿನ ವಿಷಯದಲ್ಲಿ ಜನ ಹೆಚ್ಚು ಮಾತಾಡುವುದು ದುಡ್ಡಿನ ಬಗ್ಗೆ. ನಮಗೆ ಕಾಣುವಂತೆ ಅದಕ್ಕಿಂತ ದೊಡ್ಡ ವಿಷಯ ಸಮಯ. ರಷ್ಯಾ ದಾಳಿ ಮಾಡಿದ್ದು 2022ರ ಫೆಬ್ರವರಿ 24ರಂದು. ಆ ವರ್ಷ ಪೋಲೆಂಡ್ 200ಕ್ಕೂ ಹೆಚ್ಚು ಟಿ-72 ಕೊಟ್ಟಿತು. ಉಕ್ರೇನಿನ ಸೈನಿಕರಿಗೆ ಅವು ಮೊದಲೇ ಪರಿಚಿತ, ಬಂದ ವಾರದಲ್ಲೇ ಬಳಕೆಗೆ ಸಿದ್ಧ. ಪಶ್ಚಿಮದ ಟ್ಯಾಂಕ್‌ಗಳಿಗೆ ಒಪ್ಪಿಗೆ ಸಿಕ್ಕಿದ್ದು 2023ರ ಜನವರಿಯಲ್ಲಿ: ಬ್ರಿಟನ್ನಿನ 14 ಚಾಲೆಂಜರ್-2, ಆಮೇಲೆ ಜನವರಿ 25ರಂದು ಒಂದೇ ದಿನ ಜರ್ಮನಿಯ ಲೆಪರ್ಡ್, ಅಮೆರಿಕದ ಅಬ್ರಾಮ್ಸ್. ಲೆಪರ್ಡ್ ಜರ್ಮನಿಯಲ್ಲಿ ತಯಾರಾದದ್ದು, ಹಾಗಾಗಿ ಪೋಲೆಂಡ್ ತನ್ನ ಬಳಿ ಇದ್ದುದನ್ನು ಕೊಡಬೇಕಾದರೂ ಜರ್ಮನಿಯ ಅನುಮತಿ ಬೇಕಿತ್ತು. ಅಬ್ರಾಮ್ಸ್ ಉಕ್ರೇನ್ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಬೇಸಿಗೆಯ ದಾಳಿ ಬಹುಪಾಲು ಮುಗಿದೇಹೋಗಿತ್ತು. ಇತ್ತ ಚರ್ಚೆ ನಡೆಯುತ್ತಿದ್ದ ಆ ತಿಂಗಳುಗಳಲ್ಲೇ ಅತ್ತ ರಷ್ಯಾ ಸೇನೆ ಕಂದಕ ತೋಡುತ್ತಿತ್ತು, ಮೈನ್ ಹೂಳುತ್ತಿತ್ತು. ಮಾಲಾ ತೋಕ್ಮಾಚ್ಕಾದ ಹೊಲ ತುಂಬಿದ್ದು ಹೀಗೆ.

ಬಂದ ಟ್ಯಾಂಕ್‌ಗಳಾದರೂ ಒಂದೇ ಜಾತಿಯವೇ? ಟಿ-72ಕ್ಕೆ 125 ಮಿಲಿಮೀಟರ್ ಗುಂಡು. ಅಬ್ರಾಮ್ಸ್ ಮತ್ತು ಲೆಪರ್ಡ್-2ಕ್ಕೆ 120. ಚಾಲೆಂಜರ್‌ದೂ 120, ಆದರೆ ಅದರ ನಳಿಕೆಯೊಳಗೆ ಸುರುಳಿ ಗೆರೆಗಳಿದ್ದು ಬೇರೆ ಎರಡರ ಗುಂಡು ಅದಕ್ಕೆ ಹೊಂದುವುದಿಲ್ಲ. ಹಳೆಯ ಲೆಪರ್ಡ್-1ಕ್ಕೆ 105. ಅಬ್ರಾಮ್ಸ್‌ನದು ಎಣ್ಣೆ ಕುಡಿಯುವ ಗ್ಯಾಸ್ ಟರ್ಬೈನ್ ಎಂಜಿನ್, ಉಳಿದವು ಡೀಸೆಲ್. ಟಿ-72ರ ತೂಕ 45 ಟನ್ ಆಸುಪಾಸು, ಅಬ್ರಾಮ್ಸ್ ಮತ್ತು ಲೆಪರ್ಡ್-2ರದ್ದು 60ರ ಆಸುಪಾಸು, ಅದಕ್ಕೆ ತಕ್ಕ ಸೇತುವೆ ಬೇಕು, ಎಳೆಯುವ ವಾಹನ ಬೇಕು. ನಾಲ್ಕು ಕಂಪನಿಯ ನಾಲ್ಕು ಬಗೆಯ ಟ್ರ್ಯಾಕ್ಟರ್ ಇರುವ ಒಂದು ಊರಿಗೆ ಒಬ್ಬನೇ ಮೆಕ್ಯಾನಿಕ್ ಎಂದುಕೊಳ್ಳಿ, ಯುದ್ಧದ ನಡುವೆ.

ಅದಕ್ಕೇ 2023ರ ಜನವರಿಯ ಆ 400 ಮಿಲಿಯನ್ ಡಾಲರ್ ಪ್ಯಾಕೇಜ್‌ನಲ್ಲಿ 31 ಟ್ಯಾಂಕ್ ಜೊತೆ ಕೆಟ್ಟ ಟ್ಯಾಂಕ್ ಎಳೆಯುವ 8 ವಾಹನಗಳೂ ಇದ್ದವು. 400ನ್ನು 31ರಿಂದ ಭಾಗಿಸಿ ಒಂದು ಟ್ಯಾಂಕಿಗೆ ಇಷ್ಟು ಎಂದು ಬರೆಯುವುದು ತಪ್ಪಾಗುವುದು ಇದರಿಂದ.

ಕೊಟ್ಟದ್ದು ಎಷ್ಟು?

ಇಲ್ಲಿ ಎಲ್ಲರೂ ಅವರವರಿಗೆ ಬೇಕಾದ ಸಂಖ್ಯೆ ಹಿಡಿದುಕೊಂಡಿದ್ದಾರೆ. ಅಮೆರಿಕ 350 ಬಿಲಿಯನ್ ಡಾಲರ್ ಕೊಟ್ಟಿದೆ ಎಂದು ಅಧ್ಯಕ್ಷ ಟ್ರಂಪ್ 2025ರ ಆರಂಭದಲ್ಲಿ ಹೇಳಿದರು, ಅದೇ ಫಾರ್ವರ್ಡ್ ಆಯಿತು. ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟ ಎಲ್ಲ ಬಗೆಯ ಮೊತ್ತ ಸೇರಿಸಿದರೂ ಸುಮಾರು 175 ಬಿಲಿಯನ್. ಅದರಲ್ಲೂ ದೊಡ್ಡ ಭಾಗ ಅಮೆರಿಕದ ಕಾರ್ಖಾನೆಗಳಿಗೇ ಹೋಗುವಂಥದ್ದು, ಕೊಟ್ಟ ಹಳೆಯ ಶಸ್ತ್ರದ ಜಾಗಕ್ಕೆ ಹೊಸದು ಮಾಡಿಸಲು. 2025ರ ಜನವರಿವರೆಗೆ ಕೊಟ್ಟ ಸೇನಾ ನೆರವು 65.9 ಬಿಲಿಯನ್ ಎನ್ನುತ್ತದೆ ಅಮೆರಿಕದ ವಿದೇಶಾಂಗ ಇಲಾಖೆ. ಐದೂವರೆ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಸಣ್ಣ ಮೊತ್ತವಲ್ಲ, ಆದರೆ ಸೂಟ್‌ಕೇಸಿನಲ್ಲಿ ಕಳಿಸಿದ ನಗದೂ ಅಲ್ಲ.

ಹಳೆಯ ಸಾಮಾನಿಗೆ ಬೆಲೆ ಕಟ್ಟುವುದೂ ಸುಲಭವಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಒಂದು ತಪ್ಪು ಒಪ್ಪಿಕೊಂಡಿತು: ಗೋದಾಮಿನಿಂದ ಕೊಟ್ಟ ಶಸ್ತ್ರಗಳಿಗೆ ಸವೆದ ಬೆಲೆ ಹಾಕುವ ಬದಲು ಹೊಸದು ಕೊಳ್ಳುವ ಬೆಲೆ ಹಾಕಿ, ಎರಡು ವರ್ಷದ ಲೆಕ್ಕದಲ್ಲಿ 6.2 ಬಿಲಿಯನ್ ಡಾಲರ್ ಹೆಚ್ಚು ತೋರಿಸಿದ್ದರು. ಇಪ್ಪತ್ತು ವರ್ಷದ ಸ್ಕೂಟರನ್ನು ತಮ್ಮನಿಗೆ ಕೊಟ್ಟು ಶೋರೂಮ್ ರೇಟ್ ಹೇಳಿದ ಹಾಗೆ.

ನಾಶವಾದ ಟ್ಯಾಂಕ್‌ಗಳ ಎಣಿಕೆಯಲ್ಲೂ ಇದೇ ಎಚ್ಚರ ಬೇಕು. ರಷ್ಯಾದ ಸುಮಾರು 10,000 ಟ್ಯಾಂಕ್ ಹೋಗಿವೆ ಎಂದು 2025ರ ಆರಂಭಕ್ಕೆ ಉಕ್ರೇನ್ ಸೇನೆ ಹೇಳುತ್ತಿತ್ತು. ಫೋಟೋ ಅಥವಾ ವಿಡಿಯೋ ಸಾಕ್ಷಿ ಇದ್ದರೆ ಮಾತ್ರ ಎಣಿಸುವ ಓರಿಕ್ಸ್ ತಂಡದ ಪಟ್ಟಿಯಲ್ಲಿ ಆಗ 3,500ಕ್ಕೂ ಹೆಚ್ಚು ಇದ್ದವು, ಕೆಟ್ಟು ನಿಂತವು ಮತ್ತು ವಶವಾದವೂ ಸೇರಿ. ಒಂದು ಯುದ್ಧ ಮಾಡುವವರ ಹೇಳಿಕೆ, ಇನ್ನೊಂದು ಕಣ್ಣಿಗೆ ಕಂಡ ಕನಿಷ್ಠ ಲೆಕ್ಕ.

ಯುಗ ಮುಗಿಯಿತೇ?

ಈ ಮಾತು ಮೊದಲ ಸಲ ಕೇಳುತ್ತಿಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಸಾಲುಸಾಲಾಗಿ ನಾಶವಾದವು. ಅವೂ ಅಮೆರಿಕ ಕೊಟ್ಟವೇ. ಜೀಪಿನ ಮೇಲಿನ ಫಿರಂಗಿಯಿಂದ ಪ್ಯಾಟನ್‌ಗಳನ್ನು ಹೊಡೆದು ಪ್ರಾಣ ಕೊಟ್ಟ ಅಬ್ದುಲ್ ಹಮೀದ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಅಗ್ಗದ ಜೀಪ್, ದುಬಾರಿ ಟ್ಯಾಂಕ್, ಅಂದಿನ ಫಾರ್ವರ್ಡ್‌ಗೆ ಹೇಳಿ ಮಾಡಿಸಿದ ಕಥೆ. ಆದರೆ ಅಲ್ಲಿಯೂ ಮೊದಲು ನಡೆದದ್ದು ಇನ್ನೊಂದು: ನಮ್ಮವರು ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟಿದ್ದರು, ಪ್ಯಾಟನ್‌ಗಳು ಕೆಸರಿನಲ್ಲಿ ಹೂತಿದ್ದವು, ಕಬ್ಬಿನ ಗದ್ದೆಯ ಮರೆಯಲ್ಲಿ ನಮ್ಮ ಟ್ಯಾಂಕ್‌ಗಳೂ ಫಿರಂಗಿಗಳೂ ಕಾದಿದ್ದವು. 1973ರಲ್ಲಿ ಈಜಿಪ್ಟಿನ ಸೈನಿಕರು ಹೆಗಲ ಮೇಲೆ ಹೊತ್ತು ತಂದ ಕ್ಷಿಪಣಿಗಳಿಂದ ಇಸ್ರೇಲಿನ ಟ್ಯಾಂಕ್‌ಗಳನ್ನು ಹೊಡೆದಾಗಲೂ ಯುಗ ಮುಗಿಯಿತು ಎಂದರು.

ಈಗ ಬದಲಾಗಿರುವುದು ಟ್ಯಾಂಕ್ ಬಳಸುವ ರೀತಿ. ಸಾಲಾಗಿ ಹೊಲ ದಾಟಿ ನುಗ್ಗುವುದು ಅಪರೂಪವಾಗಿದೆ. ಮರಗಳ ಕೆಳಗೆ, ನೆಲ ಅಗೆದ ಗುಂಡಿಯಲ್ಲಿ ಬಲೆ ಹೊದ್ದು ಅಡಗಿರುತ್ತವೆ. ಹೊರಬಂದು ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಕೆಲವು ಗುಂಡು ಹೊಡೆದು ಡ್ರೋನ್ ಬರುವ ಮೊದಲೇ ಮರಳುತ್ತವೆ. ಮೈಮೇಲೆ ಕಬ್ಬಿಣದ ಜಾಲರಿ. 2024ರಲ್ಲಿ ರಷ್ಯನ್ನರು ಇಡೀ ಟ್ಯಾಂಕಿಗೆ ತಗಡಿನ ಶೆಡ್ ಹೊದಿಸಿ ತಂದರು, ಜನ ಆಮೆ ಟ್ಯಾಂಕ್ ಎಂದು ನಕ್ಕರು, ನಗುವವರು ನಗುತ್ತಿದ್ದಂತೆ ಅದು ಡ್ರೋನ್‌ಗಳನ್ನು ಮೈಮೇಲೆ ಹಾಕಿಕೊಂಡೇ ಮುಂದೆ ಹೋದದ್ದೂ ಇದೆ.

ಕೊನೆಗೆ ಒಂದು ಸಣ್ಣ ಪರೀಕ್ಷೆ. ವಿಡಿಯೋ ರಾತ್ರಿಯದ್ದಾಗಿ, ಕ್ಯಾಮೆರಾ ಸದಾ ಸರಿಯಾದ ಜಾಗದಲ್ಲೇ ಇದ್ದು, ಮನುಷ್ಯರು ಕಾಣದೇ ಇದ್ದು, ಹೊಗೆ ಪ್ರತಿ ಸಲ ಒಂದೇ ಆಕಾರದಲ್ಲಿ ಎದ್ದರೆ ಅದು ಬಹುಶಃ ಆರ್ಮಾ-3 ಎಂಬ ವಿಡಿಯೋ ಗೇಮ್. ತಮ್ಮ ಗೇಮ್‌ನ ದೃಶ್ಯಗಳು ಉಕ್ರೇನ್ ಯುದ್ಧದ್ದೆಂದು ಹರಿದಾಡುತ್ತಿವೆ ಎಂದು ಅದನ್ನು ತಯಾರಿಸುವ ಕಂಪನಿಯೇ 2022ರ ನವೆಂಬರ್‌ನಲ್ಲಿ ಹೇಳಿಕೆ ಕೊಡಬೇಕಾಯಿತು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿ ಗೇಮ್ ದೃಶ್ಯಗಳು ನಮ್ಮ ಫೋನುಗಳಲ್ಲೂ ಓಡಾಡಿದವು.