ಮನೋರೋಗಿಗೆ ಬೀಡಿ ಬಿಡಿಸುವ ಬಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅನೇಕ ಮನೆಗಳಲ್ಲಿ ಬೀಡಿ ಕಟ್ಟುವುದು ಜೀವನೋಪಾಯವಾಗಿದೆ. ಅಂತಹ ಮನೆಯಲ್ಲಿ ತೀವ್ರ ಮನೋರೋಗದಿಂದ ಬಳಲುವ ಅಣ್ಣನೋ ತಮ್ಮನೋ ಇದ್ದರೆ, ಬೀಡಿ ಆತನ ಕೈಗೆ ಸುಲಭವಾಗಿ ದೊರೆಯುತ್ತದೆ. "ಪಾಪ, ಅದೊಂದೇ ಅವನಿಗೆ ಸಮಾಧಾನ" ಎಂದು ನೀವು ಸುಮ್ಮನಿರಬಹುದು. ಇದು ತಪ್ಪು ತಿಳಿವಳಿಕೆ. ಬೀಡಿಯು ರೋಗವನ್ನು ಶಮನಗೊಳಿಸುವುದಿಲ್ಲ. ನಿಕೋಟಿನ್ ದೊರೆಯದಾಗ ಉಂಟಾಗುವ ಚಡಪಡಿಕೆಯನ್ನು ಅರೆಗಳಿಗೆ ಅಡಗಿಸುತ್ತದೆ, ಅಷ್ಟೆ. ಇಂತಹ ರೋಗಿಗಳ ಆಯುಷ್ಯವನ್ನು ಕುಗ್ಗಿಸುವ ಹೃದ್ರೋಗ, ಶ್ವಾಸಕೋಶದ ರೋಗಗಳಿಗೆ ಧೂಮಪಾನವು ಒಂದು ದೊಡ್ಡ ಕಾರಣ.

ಬಿಡಿಸುವ ಮುನ್ನ ವೈದ್ಯರಿಗೆ ತಿಳಿಸುವುದು ಅತ್ಯಗತ್ಯ. ಬೀಡಿಯ ಹೊಗೆಯಿಂದಾಗಿ ಕ್ಲೊಜಪಿನ್, ಒಲಾಂಜಪಿನ್ ಎಂಬ ಔಷಧಗಳು ಯಕೃತ್ತಿನಲ್ಲಿ ಬೇಗನೆ ಕರಗುತ್ತವೆ. ಸೇದುವುದು ನಿಂತರೆ, ಅದೇ ಪ್ರಮಾಣದ ಮಾತ್ರೆಯ ಅಂಶ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಹೆಚ್ಚಿ, ಅತಿನಿದ್ರೆ, ತಲೆಸುತ್ತು, ಕೆಲವೊಮ್ಮೆ ಸೆಳವೂ ಬರಬಹುದು. ಮಾತ್ರೆಯ ಪ್ರಮಾಣವನ್ನು ವೈದ್ಯರೇ ತಗ್ಗಿಸಬೇಕು, ನೀವಾಗಿ ನಿಲ್ಲಿಸಕೂಡದು.

ಮೊದಲ ವಾರಗಳಲ್ಲಿ ಸಿಡುಕು, ನಿದ್ರಾಭಂಗ ಕಂಡುಬಂದರೆ, ರೋಗ ಮರುಕಳಿಸಿತೆಂದು ಹೆದರಿ ಬೀಡಿ ಕೊಡಬೇಡಿ; ವೈದ್ಯರನ್ನು ಕಾಣಿರಿ. ಸ್ನಾನ ಮಾಡಿದ್ದಕ್ಕೆ, ಮಾತ್ರೆ ನುಂಗಿದ್ದಕ್ಕೆ ಬೀಡಿಯನ್ನು ಬಹುಮಾನವಾಗಿ ಕೊಡುವ ರೂಢಿಯನ್ನು ಬಿಡಿ. ಹೊಗೆಸೊಪ್ಪನ್ನೂ ಕಟ್ಟಿದ ಬೀಡಿಯನ್ನೂ ಆತನ ಕಣ್ಣಿಗೆ ಬೀಳದಂತೆ ಇರಿಸಿ. ಸೇದುವ ಅಭ್ಯಾಸವುಳ್ಳ ಯಜಮಾನರೂ ಜೊತೆಯಲ್ಲೇ ಬಿಟ್ಟರೆ ಆತನಿಗೆ ಧೈರ್ಯ ಬರುತ್ತದೆ. ಒಮ್ಮೆ ತಪ್ಪಿದರೆ ಗದರಿಸದೆ ಮತ್ತೆ ಪ್ರಾರಂಭಿಸಿ.

ಸಲಹೆಗಾಗಿ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಅಥವಾ 14416 ಸಂಖ್ಯೆಯ ಟೆಲಿ ಮಾನಸ್‌ಗೆ, ತಂಬಾಕು ಬಿಡಲು 1800-11-2356ಕ್ಕೆ ಉಚಿತವಾಗಿ ದೂರವಾಣಿ ಮಾಡಿರಿ. ಮನೋರೋಗಿಗೂ ಬೀಡಿ ಬಿಡುವುದು ಸಾಧ್ಯ. ನಿಮ್ಮಿಬ್ಬರ ಸಹನೆಯೇ ಆತನಿಗೆ ಆಸರೆ.