ಕೆರೆ ಸುತ್ತಿದರಷ್ಟೇ ಸಾಲದು

ಬೆಳಗಾದರೆ ಹಲಸೂರು ಕೆರೆಯ ಬಳಿ ವಾಕಿಂಗ್ ಹೊರಡುವವರಿಗೆ ಕೊರತೆಯಿಲ್ಲ. ಆದರೂ ಹಲವರ ಬೊಜ್ಜು ಮಾತ್ರ ಕರಗದು. ಏಕೆ?

ಲೆಕ್ಕ ಸರಳ. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. 70 ಕಿಲೋ ತೂಗುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150. ಮರಳುವಾಗ ದರ್ಶಿನಿಯಲ್ಲಿ ಮಸಾಲೆ ದೋಸೆ, ಸಕ್ಕರೆ ಕಾಫಿ ಆಯಿತೆಂದರೆ ಅದರ ಎರಡರಷ್ಟಾದರೂ ಜಮೆ!

ಹಾಗೆಂದು ಉಪವಾಸ ಬೇಡ. ತಟ್ಟೆಯಲ್ಲಿ ಅನ್ನ ಅರ್ಧಕ್ಕಿಳಿಯಲಿ. ಪಲ್ಯ, ಕೋಸಂಬರಿ, ಬೇಳೆ ಹೆಚ್ಚಲಿ. ಹರಟುತ್ತಾ ಹೆಜ್ಜೆ ಹಾಕಿದರೆ ಪ್ರಯೋಜನ ಕಡಿಮೆ. ಮಾತನಾಡಬಹುದು, ಹಾಡಲಾಗದು ಎಂಬಷ್ಟು ವೇಗವಿದ್ದರೆ ಅದು ಮಧ್ಯಮ ವ್ಯಾಯಾಮ. ನಾಲ್ಕು ಮಾತಿಗೇ ಏದುಸಿರು ಬಂದರೆ ಕಠಿಣ. ವಾರಕ್ಕೆ ಮಧ್ಯಮವಾದರೆ ಕನಿಷ್ಠ 150 ನಿಮಿಷ, ಕಠಿಣವಾದರೆ 75 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಬಸ್ಕಿ, ದಂಡ ಇರಲಿ. ಮೊದಲು ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ. ದಿನ ಕಳೆದಂತೆ ಬಿರುಸು ಹೆಚ್ಚಿಸಿ.

ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಇಲ್ಲದವರು ಟೇಪಿನಿಂದ ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಲಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಆ ಕಾಯಿಲೆಗಳು ಬರುವ ಅಪಾಯ ಹೆಚ್ಚು. ನಾಳೆಯಿಂದ ಎನ್ನದೆ ಇಂದೇ ಹೆಜ್ಜೆ ಚುರುಕಾಗಲಿ.