ಎರಡೂ ತುದಿಗೆ ಮುಖವಿರುವ ರೈಲು

ಹೌರಾ–ಚೆನ್ನೈ ಮುಖ್ಯ ಮಾರ್ಗದಲ್ಲಿ ವಿಶಾಖಪಟ್ಟಣಕ್ಕೊಂದು ಹಳೆಯ ತೊಡಕಿದೆ. ವಿಜಯವಾಡ ಕಡೆಯಿಂದ ದುವ್ವಾಡ ದಾಟಿ ನಿಲ್ದಾಣಕ್ಕೆ ಬಂದ ರೈಲು ವಿಜಯನಗರಂಗೆ ಹೋಗಬೇಕಾದರೆ ಬಂದ ದಿಕ್ಕಿಗೇ ಮುಖ ಮಾಡಿ ಹೊರಡಬೇಕು. ಮುಂದಿದ್ದ ಎಂಜಿನ್ ಕಳಚಿ, ಹಿಂದಿನ ತುದಿಗೆ ಎಂಜಿನ್ ಜೋಡಿಸಬೇಕು. ಬ್ರೇಕ್ ಪೈಪ್ ಕೂಡಿಸಿ, ಗಾಳಿ ತುಂಬಿಸಿ, ಒತ್ತಡ ಕೊನೆಯ ಬೋಗಿಯವರೆಗೂ ತಲುಪಿದೆಯೇ, ಎಂಜಿನ್ನಿನಲ್ಲಿ ಹಾಕಿದ ಬ್ರೇಕು ಅಲ್ಲಿಯೂ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಹೊರಡಲು ಅಪ್ಪಣೆ. ಈ ತಾಪತ್ರಯವೇ ಬೇಡವೆಂದು ಕೆಲವು ರೈಲುಗಳು ದುವ್ವಾಡದಿಂದಲೇ ಊರನ್ನು ಬಳಸಿ ಹೋಗುತ್ತವೆ. ಸಣ್ಣ ಊರುಗಳ ನಡುವೆ ಓಡುವ ಮೆಮು ಎಂಬ ವಿದ್ಯುತ್ ರೈಲಿಗೆ ಎಂಜಿನ್ ಕಳಚಿ ಜೋಡಿಸುವ ಈ ಕೆಲಸವಿಲ್ಲ. ಅದರ ಎರಡೂ ತುದಿಯಲ್ಲಿ ಚಾಲಕನ ಕೋಣೆಯಿದೆ. ಲೋಕೊ ಪೈಲಟ್ ಒಂದು ತುದಿಯಿಂದ ಇಳಿದು ಇನ್ನೊಂದು ತುದಿಗೆ ನಡೆದರೆ ಸಾಕು. ಬಡವರ ರೈಲೆಂದು ಕಡೆಗಣಿಸಿದ ಈ ವಿನ್ಯಾಸವೇ ಇಂಥ ಊರಿಗೆ ಹೇಳಿ ಮಾಡಿಸಿದ್ದು.

ಇದರ ವಂಶ ದೊಡ್ಡದು. 1925ರ ಫೆಬ್ರುವರಿ 3ರಂದು ಬಾಂಬೆಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿದ ದೇಶದ ಮೊದಲ ವಿದ್ಯುತ್ ರೈಲು ಇದೇ ಜಾತಿಯದು. ತಂತಿಯಲ್ಲಿ 1,500 ವೋಲ್ಟ್ ಡಿಸಿ ವಿದ್ಯುತ್. ಎಂಜಿನ್ ಬೇರೆಯಾಗಿರದೆ, ಮೋಟಾರು ಬೋಗಿಯ ಅಡಿಯಲ್ಲೇ ಇತ್ತು. ಹಳಿ ಮುಗಿಯುವ ನಿಲ್ದಾಣದಲ್ಲಿ ಎಂಜಿನ್ ಬದಲಿಸುತ್ತ ಕೂತರೆ ಉಪನಗರ ರೈಲು ನಡೆಸುವುದೇ ಕಷ್ಟ. 1931ರಲ್ಲಿ ಮದ್ರಾಸ್ ಬೀಚ್–ತಾಂಬರಂ ಮೀಟರ್‌ಗೇಜ್ ಹಳಿಗೂ ಇದು ಬಂತು. ಮಹಾನಗರದ ಆಚೆ, ಸಣ್ಣ ಊರುಗಳ ನಡುವೆ ಓಡಲು ಮೆಮು ಎಂಬ ಹೆಸರಲ್ಲಿ ಹೊರಟದ್ದು ಮಾತ್ರ 1995ರಲ್ಲಿ. ಒಂದು ಮೋಟಾರು ಬೋಗಿ, ಮೂರು ಸಾದಾ ಬೋಗಿ ಸೇರಿ ಒಂದು ಘಟಕ. ಅಂಥ ಎರಡು, ಮೂರು ಘಟಕ ಕೂಡಿದರೆ ರೈಲು. ಈ ಭಾಗದ ಮೆಮುಗಳ ಆರೈಕೆಗೆ ರಾಜಮಂಡ್ರಿಯಲ್ಲಿ ಶೆಡ್ ಇದೆ.

ಎಂಜಿನ್ ಕೆಟ್ಟರೆ ಬೇರೊಂದನ್ನು ತಂದು ಜೋಡಿಸಬಹುದು, ಮೋಟಾರು ಬೋಗಿಗೆ ಆ ಅನುಕೂಲವಿಲ್ಲ ಎಂಬ ಆಕ್ಷೇಪವಿದೆ. ಆದರೆ ಒಂದು ಘಟಕದ ಮೋಟಾರು ಕೈಕೊಟ್ಟರೂ ಉಳಿದವು ಎಳೆದೊಯ್ಯಬಲ್ಲವು. ಒಂಟಿ ಎಂಜಿನ್ನಿನ ರೈಲು ಅಲ್ಲೇ ನಿಲ್ಲುತ್ತದೆ. ಆಸನ ಒರಟು, ವಿಜಯವಾಡದವರೆಗಿನ 350 ಕಿ.ಮೀ. ಕೂತು ಹೋಗಲಾಗದು ಎಂಬ ಮಾತು ನಿಜವೇ. ಅಷ್ಟು ದೂರದವರಿಗೆ ಎಕ್ಸ್‌ಪ್ರೆಸ್ ಇದೆ. ಅನಕಾಪಲ್ಲಿ, ಎಲಮಂಚಿಲಿ, ನರಸೀಪಟ್ಣಂ ರೋಡ್‌ಗಳಲ್ಲಿ ಹತ್ತಿಳಿಯುವವರಿಗೆ ಬೇಕಾದದ್ದು ನಿಂತ ತಕ್ಷಣ ಮತ್ತೆ ವೇಗ ಹಿಡಿಯುವ ಗಾಡಿ, ಮತ್ತು ಕೈಗೆಟಕುವ ಟಿಕೆಟ್ಟು. ಕೋವಿಡ್ ನಂತರ 30 ರೂಪಾಯಿಗೇರಿದ್ದ ಕನಿಷ್ಠ ದರ 10ಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಅದಕ್ಕೂ ವರ್ಷ ಮೊದಲು, 2023ರ ಜನವರಿ 15ರಂದು, ವಿಶಾಖಪಟ್ಟಣ–ಸಿಕಂದರಾಬಾದ್ ವಂದೇ ಭಾರತ್ ಸಂಭ್ರಮದಿಂದ ಹೊರಟಿತು. ಅದರ ಮೋಟಾರೂ ಬೋಗಿಗಳ ಅಡಿಯಲ್ಲೇ, ಅದಕ್ಕೂ ಎರಡು ಮುಖ. ಆ ರೈಲು ಎಲಮಂಚಿಲಿಯಲ್ಲಿ ನಿಲ್ಲುವುದಿಲ್ಲ.